ಕೊನೆಯ ಬಸ್ಸು ಎಷ್ಟು ಗಂಟೆಗೆ?

ಕಲ್ಯಾಣ ಕರ್ನಾಟಕದ ಸಾರಿಗೆಯ ಮಾತು ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ ಒಂದೇ: ಬೆಂಗಳೂರಿಗೆ ಎಷ್ಟು ತಾಸು? 2019ರಲ್ಲಿ ಕಲಬುರಗಿಗೆ ವಿಮಾನ ನಿಲ್ದಾಣ ಬಂತು, 2024ರ ಮಾರ್ಚ್‌ನಲ್ಲಿ ವಂದೇ ಭಾರತ್ ರೈಲು ಬಂತು. ಇನ್ನೇನು, ಸಂಪರ್ಕದ ಕೊರತೆ ನೀಗಿತು ಎಂದು ನಂಬಿದವರು ಬಹಳ. ಎರಡೂ ಬೇಕಾಗಿದ್ದವೇ. ಆದರೆ ರಾಜಧಾನಿ ಹತ್ತಿರವಾದ ಮಾತ್ರಕ್ಕೆ ಒಂದು ಸೀಮೆಯ ಊರುಗಳು ಒಂದಕ್ಕೊಂದು ಹತ್ತಿರವಾಗುವುದಿಲ್ಲ. ಗದಗ–ವಾಡಿ ಮಾರ್ಗ ಪೂರ್ತಿಯಾಗುವ ತನಕ ಹುಬ್ಬಳ್ಳಿಯಿಂದ ಕಲಬುರಗಿಗೆ ರೈಲಿನಲ್ಲಿ ಹೋಗುವವರು ಒಂದೋ ಮಹಾರಾಷ್ಟ್ರದ ಹೊಟಗಿ, ಇಲ್ಲವೇ ಆಂಧ್ರದ ಗುಂತಕಲ್ಲು ಸುತ್ತಿಯೇ ಹೋಗಬೇಕು. ಕನ್ನಡ ನಾಡಿನ ಎರಡು ದೊಡ್ಡ ಊರುಗಳ ನಡುವೆ ಹೊರರಾಜ್ಯದ ಹಳಿ! ಸುಮಾರು 250 ಕಿ.ಮೀ. ಉದ್ದದ ಈ ಹೊಸ ಮಾರ್ಗದಲ್ಲಿ 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಮುಟ್ಟಿದಾಗಲೂ ಲಿಂಗಸುಗೂರು, ಸುರಪುರ ಕಾಯುತ್ತಲೇ ಇದ್ದವು.

ಹಳಿ ಹಾಕಿ, ವೇಗ ಹೆಚ್ಚಿಸಿದರೆ ಸಾಕು ಎಂಬುದು ಇದರ ಬೆನ್ನಿಗೇ ಇರುವ ತಪ್ಪು ಕಲ್ಪನೆ. ಬೀದರ–ಕಲಬುರಗಿ ಮಾರ್ಗವನ್ನೇ ತೆಗೆದುಕೊಳ್ಳಿ. 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಇದರ ಉದ್ದ ಸುಮಾರು 110 ಕಿ.ಮೀ. ಗಂಟೆಗೆ 55 ಕಿ.ಮೀ. ಓಡಿದರೆ ಎರಡು ತಾಸಿನ ದಾರಿ. ವೇಗ ದುಪ್ಪಟ್ಟು ಮಾಡಿದರೂ ಉಳಿಯುವುದು ಒಂದೇ ತಾಸು. ಅದೇ ಇಂಥ ದಾರಿಯಲ್ಲಿ ಆರು ತಾಸಿಗೊಮ್ಮೆ ಬರುವ ಗಾಡಿಯನ್ನು ಎರಡು ತಾಸಿಗೊಮ್ಮೆ ಓಡಿಸಿದರೆ, ಕಾಯುವ ಹೊತ್ತು ಸರಾಸರಿ ಮೂರು ತಾಸಿನಿಂದ ಒಂದಕ್ಕೆ ಇಳಿಯುತ್ತದೆ. ಉಳಿತಾಯ ಎರಡು ತಾಸು. ಕಲಬುರಗಿಯ ದೊಡ್ಡಾಸ್ಪತ್ರೆಗೆ ಬರುವ ಹಳ್ಳಿಯವರು ವಸ್ತಿ ಬಸ್ಸು ಹಿಡಿದು ನಸುಕಿನಲ್ಲೇ ಹೊರಡುತ್ತಾರೆ. ಬಗಲಲ್ಲಿ ಹಳೆಯ ಚೀಟಿಗಳ ಪ್ಲಾಸ್ಟಿಕ್ ಕವರು, ಕೈಯಲ್ಲಿ ರೊಟ್ಟಿ ಬುತ್ತಿ. ಮಧ್ಯಾಹ್ನ ಮೂರಕ್ಕೆ ವೈದ್ಯರು ಇನ್ನೊಂದು ಪರೀಕ್ಷೆ ಬರೆದುಕೊಟ್ಟರೆ ಅವರಿಗೆ ಮೊದಲು ನೆನಪಾಗುವುದು ಕೊನೆಯ ಬಸ್ಸು. ಅದು ತಪ್ಪಿದರೆ ರಾತ್ರಿಯೆಲ್ಲ ನಿಲ್ದಾಣದ ಕಲ್ಲುಬೆಂಚೇ ಗತಿ, ಮರುದಿನದ ಕೂಲಿಯೂ ಹೋಯಿತು. ರೈಲಿನ ವೇಗ ಅವರ ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಜನರೇ ಇಲ್ಲದೆ ಗಾಡಿ ಓಡಿಸಿ ಏನು ಫಲ ಎಂಬ ಆಕ್ಷೇಪವಿದೆ. ಖಾಲಿ ಗಾಡಿ ಓಡಿಸುವ ಖರ್ಚು ನಿಜವಾದದ್ದೇ, ತಳ್ಳಿಹಾಕುವಂತಿಲ್ಲ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಹೊರಡುವ ಗಾಡಿಯ ಸೀಟು ಎಣಿಸಿ ಬೇಡಿಕೆ ಅಳೆಯುವುದು ತಪ್ಪು. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಾಗ ಸಾಮಾನ್ಯ ಬಸ್ಸುಗಳಲ್ಲಿ ಅವರ ಸಂಖ್ಯೆ ಏರಿತು; ಹೋಗಬೇಕಾದ ಅಗತ್ಯ ಮೊದಲೂ ಇತ್ತು, ಟಿಕೆಟ್ ದುಡ್ಡು ಅಡ್ಡವಾಗಿತ್ತು. ವೇಳಾಪಟ್ಟಿಯೂ ಹಾಗೆಯೇ ಅಡ್ಡ ನಿಲ್ಲುತ್ತದೆ. ಹೆಚ್ಚು ರೈಲು ಓಡಿಸುವುದಕ್ಕೆ ವರ್ಷಗಳು ಬೇಕಾಗಬಹುದು. ಬಸ್ಸಿನ ಸಮಯವನ್ನು ರೈಲಿಗೆ ಹೊಂದಿಸುವುದಕ್ಕೆ ಎರಡು ಇಲಾಖೆಗಳು ಒಂದೇ ಮೇಜಿಗೆ ಕೂತರೆ ಸಾಕು. ರೈಲು ನಿಲ್ದಾಣದ ಗೇಟಿನಲ್ಲೇ ತಾಲ್ಲೂಕಿನ ಬಸ್ಸು ನಿಂತಿರಲಿ. ರೈಲು ತಡವಾದ ದಿನ ಅದೂ ಕಾಯಲಿ.