ಏರು ಹತ್ತಲು ಸೈಕಲ್ಲಿನ ಹಲ್ಲು ಬದಲಿಸಿ

ಕಂಪ್ಲಿಯ ಭತ್ತದ ಬಯಲಲ್ಲಿ ಹಗುರಾಗಿ ಓಡುವ ಸೈಕಲ್ಲೇ ಸಂಡೂರಿನ ಗುಡ್ಡದ ಏರಿನಲ್ಲಿ ನಿಮ್ಮನ್ನು ಕೆಳಗಿಳಿಸಿ ನಡೆಸುತ್ತದೆ. ಕಾಲಲ್ಲಿ ಬಲವಿಲ್ಲವೆಂದು ಬೇಸರ ಬೇಡ. ಸೈಕಲ್ಲಿನ ಹಲ್ಲಿನ ಲೆಕ್ಕ ಬಯಲಿಗೆ ಹೊಂದಿದೆ, ಅಷ್ಟೇ.

ಪೆಡಲ್ ಪಕ್ಕದ ದೊಡ್ಡ ಹಲ್ಲುಚಕ್ರವೇ ಚೈನ್‌ರಿಂಗ್. ಹಿಂದಿನ ಗಾಲಿಯ ಚಿಕ್ಕ ಹಲ್ಲುಚಕ್ರ ಫ್ರೀವೀಲ್. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿ ಎಷ್ಟು ಸುತ್ತು ಉರುಳುತ್ತದೆಂದು ಗೊತ್ತಾಗುತ್ತದೆ. ಮುಂದೆ 44, ಹಿಂದೆ 18 ಇದ್ದರೆ ಸುಮಾರು 2.44 ಸುತ್ತು. 28 ಇಂಚಿನ ಗಾಲಿ ಅಷ್ಟರಲ್ಲಿ ಸುಮಾರು 5.4 ಮೀಟರ್ ಸಾಗುತ್ತದೆ. ಏರಿನಲ್ಲಿ ಇದು ಭಾರ. ಮುಂದೆ ಹಲ್ಲು ಕಡಿಮೆಯಾದರೆ, ಇಲ್ಲವೇ ಹಿಂದೆ ಹೆಚ್ಚಾದರೆ, ತುಳಿಯುವುದು ಹಗುರ.

ಗೇರಿಲ್ಲದ ಸೈಕಲ್ಲಿಗೆ ನನ್ನ ಸಲಹೆ ಹಿಂದಿನದನ್ನು ಬದಲಿಸುವುದು. ಅದರ ಚೈನ್‌ರಿಂಗ್ ಸಾಮಾನ್ಯವಾಗಿ ಪೆಡಲ್ ತೋಳಿಗೇ ಬೆಸೆದಿರುತ್ತದೆ. ತೆಗೆದರೆ ಇಡೀ ಜೋಡಣೆಯೇ ಹೋಗುತ್ತದೆ. 18ರ ಬದಲು 22 ಹಲ್ಲಿನ ಫ್ರೀವೀಲ್ ಹಾಕಿಸಿದರೆ ಪೆಡಲ್ ಒತ್ತಲು ಬೇಕಾದ ಬಲ ಶೇ. 18ರಷ್ಟು ಇಳಿಯುತ್ತದೆ. ಚೈನಿಗೆ ಎರಡು ಕೊಂಡಿ, ಅಂದರೆ ಒಂದು ಇಂಚು, ಸೇರಿಸಬೇಕಾಗಬಹುದು. ಖರ್ಚು ಕೆಲವು ನೂರು ರೂಪಾಯಿ.

ಬಯಲಲ್ಲಿ ವೇಗ ಹೋಗುವುದಿಲ್ಲವೇ? ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 19 ಕಿ.ಮೀ. ಇದ್ದದ್ದು 16ಕ್ಕೆ ಬರುತ್ತದೆ. ಕಂಪ್ಲಿಯ ಬಯಲಲ್ಲೇ ಓಡಾಡುವವರು ಬದಲಿಸಬೇಡಿ. ಹೊಸಪೇಟೆಯಿಂದ ಹಂಪಿಗೆ ಆಗಾಗ ಹೋಗುವವರು ಯೋಚಿಸಬಹುದು. ಸಂಡೂರು ಗುಡ್ಡ ಹತ್ತುವವರಿಗಂತೂ ಬೇಕೇ ಬೇಕು.

ಗೇರಿನ ಸೈಕಲ್ಲಿನಲ್ಲಿ ಚೈನ್‌ರಿಂಗ್ ಬೋಲ್ಟಿನಿಂದ ಕೂತಿದ್ದರೆ ಅದೊಂದನ್ನೇ ಬದಲಿಸಬಹುದು. ಬೋಲ್ಟುಗಳು ಕೂತ ವೃತ್ತದ ವ್ಯಾಸಕ್ಕೆ ಬಿಸಿಡಿ ಎನ್ನುತ್ತಾರೆ. ಇದು ಹೊಂದದಿದ್ದರೆ ರಿಂಗ್ ಕೂರುವುದೇ ಇಲ್ಲ. 104 ಮಿ.ಮೀ. ಬಿಸಿಡಿಗೆ ಸಾಮಾನ್ಯವಾಗಿ 32, 110ಕ್ಕೆ 34 ಹಲ್ಲಿಗಿಂತ ಚಿಕ್ಕದು ಕೂರದು. ಮುಂದಿನ ಡಿರೈಲರ್, ಅಂದರೆ ಚೈನ್ ಸರಿಸುವ ಕೈ, ಇದ್ದರೆ ಅದನ್ನೂ ಕೆಳಗಿಳಿಸಬೇಕು.

ಸವೆದ ಹಳೆಯ ಚೈನ್ ಹೊಸ ಹಲ್ಲಿನ ಮೇಲೆ ಜಾರುತ್ತದೆ. ಸ್ಕೇಲ್ ಇಟ್ಟು ನೋಡಿ: ಹೊಸ ಚೈನಿನ 24 ಕೊಂಡಿಗೆ ಸರಿಯಾಗಿ 12 ಇಂಚು. ಅದಕ್ಕಿಂತ ಇಂಚಿನ ಹದಿನಾರನೇ ಒಂದು ಭಾಗದಷ್ಟು ಹೆಚ್ಚಿದ್ದರೆ ಚೈನ್ ಬದಲಿಸಿ.

ಫ್ರೀವೀಲಿಗೆ ಹೊಸಪೇಟೆಯ ಸೈಕಲ್ ಅಂಗಡಿಗಳಲ್ಲಿ ಕೇಳಿ. ಬೋಲ್ಟಿನ ರಿಂಗ್ ಅಲ್ಲಿ ಸಿಗದಿದ್ದರೆ ಬಿಸಿಡಿ ಅಳೆದುಕೊಂಡು ಆನ್‌ಲೈನಿನಲ್ಲಿ ತರಿಸಿ. ಸಂಡೂರಿನ ರಸ್ತೆಯಲ್ಲಿ ಅದಿರು ಲಾರಿಗಳ ಓಡಾಟವಿದೆ, ಹತ್ತಿದವರು ಇಳಿಯಲೂಬೇಕು. ಹಲ್ಲು ಬದಲಿಸುವಾಗಲೇ ಸವೆದ ಬ್ರೇಕ್ ರಬ್ಬರನ್ನೂ ಬದಲಿಸಿಕೊಳ್ಳಿ.