ಐರ್ಲೆಂಡಿನ ತುಂಬು ಮನೆಯಲ್ಲಿ ಚಳಿಗಾಲದ ರಜೆ

ದೂರದೇಶಕ್ಕೆ ತೆರಳಿದ ಮಕ್ಕಳು ಹಬ್ಬದ ದಿನಗಳನ್ನು ಎಲ್ಲಿ ಕಳೆಯುತ್ತಾರೆಂಬ ಚಿಂತೆ ಇಂದು ಹಲವು ಮನೆಗಳಲ್ಲುಂಟು. 2022ರ ಜನಗಣತಿಯಂತೆ ಐರ್ಲೆಂಡಿನಲ್ಲಿ 45 ಸಾವಿರಕ್ಕೂ ಮಿಕ್ಕಿದ ಭಾರತೀಯ ಪ್ರಜೆಗಳಿದ್ದರು. ಅಲ್ಲಿಯ ಆಸ್ಪತ್ರೆಗಳಲ್ಲಿ ದುಡಿಯುವ ದಾದಿಯರಲ್ಲಿ ಕೇರಳದಿಂದ ಹೋದವರು ಬಹುಮಂದಿ. ವಿದ್ಯಾರ್ಜನೆಗೆಂದು ಹೋದ ತರುಣರೂ ಇದ್ದಾರೆ. ಡಿಸೆಂಬರ್ 25ರಂದು ಆ ನಾಡು ಸ್ತಬ್ಧವಾಗುತ್ತದೆ. ಡಬ್ಲಿನ್ ನಿಲ್ದಾಣದಲ್ಲಿ ವಿಮಾನಗಳ ಬರುಹೋಗು ಇರುವುದಿಲ್ಲ, ರೈಲುಗಳು ಓಡುವುದಿಲ್ಲ, ಅಂಗಡಿಗಳು ಬಾಗಿಲು ತೆರೆಯುವುದಿಲ್ಲ. ಬೆಳಿಗ್ಗೆ ಎಂಟೂವರೆಯ ಮೇಲೆ ಮೂಡಿದ ಸೂರ್ಯ ಸಂಜೆ ನಾಲ್ಕು ದಾಟುತ್ತಲೇ ಮುಳುಗುತ್ತಾನೆ. ಬಾಡಿಗೆಯ ಕೋಣೆಯಲ್ಲಿ ಒಂಟಿಯಾಗಿ ಉಳಿದವರಿಗೆ ಆ ಇರುಳು ಬಲು ದೀರ್ಘವಾದುದು. ಇಂತಹ ಹೊತ್ತಿನಲ್ಲಿ ಆಪ್ತಮಿತ್ರನೊಬ್ಬ, “ರಜೆಗೆ ನಮ್ಮ ಮನೆಗೇ ಬಾ, ಎಲ್ಲರೂ ಇರುತ್ತಾರೆ” ಎಂದು ಕರೆದರೆ ಅದು ಬರಿಯ ಉಪಚಾರದ ಮಾತಲ್ಲ. ಆ ಕರೆಯ ಹಿಂದೆ ಒಂದು ಜನಾಂಗದ ಚರಿತ್ರೆಯೇ ಅಡಗಿದೆ.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿತು. ಬಡವರ ಮುಖ್ಯ ಆಹಾರವೇ ಅದಾಗಿದ್ದುದರಿಂದ, ಅನಂತರದ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನರು ಹಸಿವಿನಿಂದಲೂ ರೋಗಗಳಿಂದಲೂ ಅಸುನೀಗಿದರು; ಅಷ್ಟೇ ದೊಡ್ಡ ಸಂಖ್ಯೆಯಲ್ಲಿ ಜನರು ಹಡಗು ಹತ್ತಿದರು. ಕ್ಷಾಮ ಕಳೆದರೂ ವಲಸೆ ನಿಲ್ಲಲಿಲ್ಲ. ಅಮೆರಿಕೆಗೆ ಹೊರಟವರಿಗಾಗಿ ಹಿಂದಿನ ರಾತ್ರಿ ಮನೆಮಂದಿ, ನೆರೆಹೊರೆಯವರು ಸೇರಿ ಹಾಡಿ ಕುಣಿದು ಅತ್ತು ಬೀಳ್ಕೊಡುತ್ತಿದ್ದರು. ಅದಕ್ಕೆ ‘ಅಮೆರಿಕನ್ ವೇಕ್’ ಎಂದು ಹೆಸರು. ‘ವೇಕ್’ ಎಂದರೆ ಸತ್ತವರ ಬಳಿ ರಾತ್ರಿಯಿಡೀ ಎಚ್ಚರವಿರುವ ಪದ್ಧತಿ. ಹೋದವರು ಮತ್ತೆ ಬರುವರೆಂಬ ಭರವಸೆ ಎಷ್ಟು ಕಡಿಮೆಯಿತ್ತೆಂಬುದಕ್ಕೆ ಆ ಹೆಸರೇ ಸಾಕ್ಷಿ. ಕ್ರಿಸ್‌ಮಸ್ ಸಮೀಪಿಸಿದಾಗ ಬರುತ್ತಿದ್ದ ‘ಅಮೆರಿಕದ ಕಾಗದ’ ಮತ್ತು ಅದರೊಳಗಿನ ಹಣ, ಇವೇ ಅನೇಕ ಮನೆಗಳ ಹಬ್ಬಕ್ಕೆ ಆಧಾರವಾಗಿದ್ದುವು.

ಇಂತಹ ನಾಡಿನಲ್ಲಿ ಹಬ್ಬದ ಹಿಂದಿನ ರಾತ್ರಿ ಕಿಟಕಿಯಲ್ಲಿ ದೊಡ್ಡದೊಂದು ಮೇಣದಬತ್ತಿ ಹಚ್ಚಿಡುವ ಆಚಾರ ಬೆಳೆದುಬಂದಿದೆ. ಅದನ್ನು ಹಚ್ಚುವ ಹಕ್ಕು ಮನೆಯ ಕಿರಿಯ ಮಗುವಿನದು. ತಂಗಲು ಎಡೆಯಿಲ್ಲದೆ ಅಲೆದ ಮೇರಿ ಮತ್ತು ಜೋಸೆಫರಿಗೆ, ಹಾಗೆಯೇ ದಾರಿಹೋಕನಿಗೆ, ಈ ಮನೆಯಲ್ಲಿ ಸ್ಥಳವುಂಟೆಂದು ತಿಳಿಸುವುದು ಅದರ ಅರ್ಥ. ಹಿಂದೆ ಬಾಗಿಲಿಗೆ ಅಗಳಿ ಹಾಕದೆ, ಮೇಜಿನ ಮೇಲೆ ರೊಟ್ಟಿ, ಹಾಲು ಇರಿಸಿ ಮಲಗುತ್ತಿದ್ದ ಮನೆಗಳೂ ಇದ್ದುವು. 1990ರಲ್ಲಿ ರಾಷ್ಟ್ರಾಧ್ಯಕ್ಷೆಯಾದ ಮೇರಿ ರಾಬಿನ್ಸನ್ ಅವರು ತಮ್ಮ ಅಧಿಕೃತ ನಿವಾಸದ ಕಿಟಕಿಯೊಂದರಲ್ಲಿ, ಪರದೇಶಗಳಲ್ಲಿ ಚದರಿಹೋದ ಐರಿಷ್ ಜನರಿಗಾಗಿ ದೀಪವೊಂದನ್ನು ಇರಿಸಿದರು. ಹಳ್ಳಿಯ ಮನೆಯ ಆಚಾರವು ಹೀಗೆ ರಾಷ್ಟ್ರದ ಆಚಾರವಾಯಿತು.

ಐರಿಷ್ ಕುಟುಂಬಗಳು ದೊಡ್ಡವೆಂಬ ಮಾತು ಸುಳ್ಳಲ್ಲ. ಕ್ಯಾಥೊಲಿಕ್ ಧರ್ಮಶ್ರದ್ಧೆಯೊಂದಿಗೆ ಕಾನೂನೂ ಅದಕ್ಕೆ ಕಾರಣ. 1935ರಿಂದ ಅಲ್ಲಿ ಸಂತಾನನಿಯಂತ್ರಣ ಸಾಧನಗಳ ಮಾರಾಟ ನಿಷಿದ್ಧವಾಗಿತ್ತು. 1979ರ ಶಾಸನವು ವೈದ್ಯರ ಚೀಟಿಯಿದ್ದರೆ ಮಾತ್ರ ಅವುಗಳಿಗೆ ಅವಕಾಶವಿತ್ತಿತು. ಏಳೆಂಟು ಮಕ್ಕಳ ಮನೆಗಳು ಅಂದು ಅಪರೂಪವಲ್ಲ. ಇಂದಾದರೋ ಒಂದು ಮನೆಯಲ್ಲಿ ವಾಸಿಸುವವರು ಸರಾಸರಿ ಮೂವರಿಗಿಂತ ಕಡಿಮೆ. ಆದರೂ ಹಿಂದಿನ ಮಕ್ಕಳು ತಮ್ಮ ಮಕ್ಕಳೊಡನೆ ಡಿಸೆಂಬರಿನಲ್ಲಿ ತವರಿಗೆ ಮರಳಿದಾಗ ಹಳೆಯ ಮನೆ ಮತ್ತೆ ತುಂಬುತ್ತದೆ. ಹಾಸಿಗೆಗಳು ಸಾಲದೆ ಹುಡುಗರು ನೆಲದಲ್ಲೇ ಮಲಗುತ್ತಾರೆ. ಯಾರ ಹೆಸರು ಯಾವುದೆಂದು ತಿಳಿಯಲು ಅತಿಥಿಗೆ ಎರಡು ದಿನಗಳಾದರೂ ಬೇಕು.

ಹಬ್ಬದ ಊಟದಲ್ಲಿ ಟರ್ಕಿ ಕೋಳಿ, ಹಂದಿಯ ಮಾಂಸ, ಹುರಿದ ಆಲೂಗಡ್ಡೆ, ಕೊನೆಗೆ ಒಣಹಣ್ಣುಗಳ ಪುಡಿಂಗ್ ಇರುತ್ತವೆ. ಸಸ್ಯಾಹಾರಿಗಳು ಒಂದು ಸಂಗತಿಯನ್ನು ಅರಿತಿರಬೇಕು. ಆಲೂಗಡ್ಡೆಯನ್ನು ಬಾತಿನ ಕೊಬ್ಬಿನಲ್ಲಿ ಹುರಿಯುವುದುಂಟು. ಹಳೆಯ ಕ್ರಮದ ಪುಡಿಂಗಿನಲ್ಲಿ ದನದ ಕೊಬ್ಬು ಬೀಳುತ್ತದೆ. ಆದುದರಿಂದ ತಮ್ಮ ನಿಯಮವನ್ನು ಗೆಳೆಯನ ತಾಯಿಗೆ ವಾರದ ಮೊದಲೇ ವಿನಯದಿಂದ ತಿಳಿಸುವುದು ಲೇಸು. ಊಟದ ಮೇಜಿನಲ್ಲಿ ನಿರಾಕರಿಸಿದರೆ ಇಬ್ಬರಿಗೂ ಸಂಕಟ.

ಮರುದಿನ, ಡಿಸೆಂಬರ್ 26, ಸಂತ ಸ್ಟೀಫನನ ದಿನ. ಕೆರಿ ಜಿಲ್ಲೆಯ ಡಿಂಗಲ್ ಪಟ್ಟಣದಲ್ಲಿ ಅಂದು ಹುಲ್ಲಿನ ಉಡುಪು ತೊಟ್ಟು, ಮುಖವಾಡ ಧರಿಸಿದವರು ಕೊಳಲು ತಮ್ಮಟೆಗಳೊಡನೆ ಬೀದಿ ತುಂಬುತ್ತಾರೆ. ‘ರೆನ್’ ಎಂಬ ಪುಟ್ಟ ಹಕ್ಕಿಯ ಹೆಸರಿನ ಈ ಆಟದಲ್ಲಿ ಹಿಂದೆ ನಿಜವಾದ ಹಕ್ಕಿಯನ್ನೇ ಬೇಟೆಯಾಡುತ್ತಿದ್ದರು. ಈಗ ಆ ಹಿಂಸೆಯಿಲ್ಲ.

ರಜೆ ಮುಗಿಯುವುದು ಜನವರಿ 6ರ ಸುಮಾರಿಗೆ. ಅಂದಿನ ಹಬ್ಬಕ್ಕೆ ಐರಿಷ್ ಭಾಷೆಯಲ್ಲಿ ‘ಹೆಂಗಸರ ಕ್ರಿಸ್‌ಮಸ್’ ಎಂಬರ್ಥದ ಹೆಸರುಂಟು. ಕಾರ್ಕ್, ಕೆರಿ ಜಿಲ್ಲೆಗಳಲ್ಲಿ ಇದು ವಿಶೇಷವಾಗಿ ಉಳಿದುಬಂದಿದೆ. ಅಂದು ಮನೆಗೆಲಸ ಗಂಡಸರ ಪಾಲಿಗೆ. ಹೆಂಗಸರು ಕೂಡಿ ಕುಳಿತು ಚಹಾ ಕುಡಿದು ಹರಟುತ್ತಾರೆ. ಹನ್ನೆರಡು ದಿನ ಇಪ್ಪತ್ತು ಮಂದಿಗೆ ಬೇಯಿಸಿ ಬಡಿಸಿದ ತಾಯಿಗೆ ಒಂದೇ ದಿನದ ಬಿಡುವು ಅಲ್ಪವೇ ಸರಿ. ಆದರೆ ದೊಡ್ಡ ಸಂಸಾರದ ಸಂಭ್ರಮವು ಯಾರ ದುಡಿಮೆಯ ಮೇಲೆ ನಿಂತಿದೆ ಎಂಬುದನ್ನು ಪಂಚಾಂಗದಲ್ಲಿ ದಿನವಿಟ್ಟು ಒಪ್ಪಿಕೊಂಡ ಜನರು ವಿರಳ.

ಈ ಮನೆಗಳಲ್ಲಿ ಬಾರದೆ ಉಳಿದವರೂ ಇರುತ್ತಾರೆ. 2008ರ ಆರ್ಥಿಕ ಕುಸಿತದ ತರುವಾಯ ಮತ್ತೆ ಸಾವಿರಾರು ತರುಣರು ಆಸ್ಟ್ರೇಲಿಯ, ಕೆನಡಾಗಳಿಗೆ ಹೋದರು. ಸಿಡ್ನಿಯಲ್ಲಿ ತನ್ನ ಮಗನನ್ನು ಯಾರಾದರೂ ಊಟಕ್ಕೆ ಕರೆದಿರಲಿ ಎಂದು ಹಾರೈಸುವ ತಾಯಿಯೇ ನಮ್ಮ ಹುಡುಗನ ತಟ್ಟೆಗೆ ಎರಡನೆಯ ಸಲ ಬಡಿಸುವವಳು. ಅಗಲಿಕೆಯನ್ನು ಬಲ್ಲ ಮನೆಯಾದುದರಿಂದಲೇ ಅದು ಅನ್ಯನಿಗೆ ಎಡೆಮಾಡಿಕೊಡುತ್ತದೆ.

ಆದುದರಿಂದ ವಾಚಕರೇ, ಅಂತಹ ಕರೆ ಬಂದಾಗ ಸಂಕೋಚದಿಂದ ತಪ್ಪಿಸಿಕೊಳ್ಳಬಾರದೆಂದು ನಿಮ್ಮ ಮಕ್ಕಳಿಗೆ ಬರೆಯಿರಿ. ಅಡುಗೆಮನೆಯಲ್ಲಿ ತಟ್ಟೆ ತೊಳೆಯಲು ಕೈ ನೀಡಲಿ. ಕೇಳಿದರೆ ನಮ್ಮ ಹಾಡೊಂದನ್ನು ಹಾಡಲಿ. ಕೋಣೆಗೆ ಮರಳಿದ ಮೇಲೆ ಆ ತಾಯಿಗೆ ಸ್ವಂತ ಕೈಬರಹದಲ್ಲಿ ನಾಲ್ಕು ಸಾಲು ಬರೆದು ಅಂಚೆಗೆ ಹಾಕಲು ಮರೆಯದಿರಲಿ.