ಮನೆಯ ಓವನ್ನಿಗೆ ಕಲ್ಲೋ, ಉಕ್ಕೋ?

ಮನೆಯಲ್ಲೇ ಪಿಜ್ಜಾ ತಯಾರಿಸಿ ಮಾರಲು ಹೊರಟ ಮಹಿಳೆಯೊಬ್ಬರು ಸಾಲದ ಅರ್ಜಿಗಾಗಿ ನನ್ನಲ್ಲಿಗೆ ತಂದ ವೆಚ್ಚದ ಪಟ್ಟಿಯಲ್ಲಿ ‘ಬೇಕಿಂಗ್ ಕಲ್ಲು’ ಎಂಬ ನಮೂದಿತ್ತು. ಪಿಜ್ಜಾದ ತಳ ಮೆತ್ತಗಾಗುತ್ತದೆಂಬುದು ಅವರ ಚಿಂತೆ.

ನೇಪಲ್ಸ್ ನಗರದ ಸೌದೆ ಒಲೆಗಳ ನೆಲ ಸುಮಾರು 400 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದಿರುವುದರಿಂದ ಅಲ್ಲಿ ಪಿಜ್ಜಾ 60ರಿಂದ 90 ಸೆಕೆಂಡುಗಳಲ್ಲಿ ಬೇಯುತ್ತದೆ. ಆ ಕಾವಿಗೆ ಇಟ್ಟಿಗೆಯೇ ಸರಿ. ಉಕ್ಕಾದರೆ ತಳ ಕರಕಲಾದೀತು. ಮನೆಯ ಓವನ್ ಸಾಮಾನ್ಯವಾಗಿ 250 ಡಿಗ್ರಿಗೇ ನಿಲ್ಲುತ್ತದೆ. ಈ ಕೊರತೆಯನ್ನು ತುಂಬುವುದು ಶಾಖವಾಹಕತೆ. ಕಾರ್ಡಿಯರೈಟ್ ಕಲ್ಲಿಗಿಂತ ಉಕ್ಕಿನಲ್ಲಿ ಅದು ಹತ್ತು ಪಟ್ಟಿಗೂ ಹೆಚ್ಚು. ಹಿಟ್ಟಿನ ನೀರು ಬೇಗ ಆವಿಯಾಗಿ ತಳ ಗರಿಗರಿಯಾಗುತ್ತದೆ.

ಆದರೆ 35 ಸೆಂ.ಮೀ. ಚೌಕದ, 6 ಮಿ.ಮೀ. ದಪ್ಪದ ಉಕ್ಕಿನ ಫಲಕ 5.8 ಕಿಲೋದಷ್ಟು ತೂಗುತ್ತದೆ. ಓವನ್ನಿನ ತಂತಿಯ ಚರಣಿ ಅದನ್ನು ತಾಳಬೇಕು. ಮುಕ್ಕಾಲು ಗಂಟೆ ಕಾಯಿಸಲು 2 ಕಿಲೋವ್ಯಾಟ್ ಓವನ್ನಿಗೆ ಹೆಚ್ಚೆಂದರೆ 1.5 ಯೂನಿಟ್ ವಿದ್ಯುತ್ ತಗಲುತ್ತದೆ. ಒಂದೇ ಪಿಜ್ಜಾದ ಮೇಲೆ ಹೇರಿದರೆ ಇದು ದುಬಾರಿ, ಹತ್ತಕ್ಕೆ ಹಂಚಿದರೆ ಲೆಕ್ಕಕ್ಕಿಲ್ಲ.

ಬೇಡಿಕೆ ನಿಯತವಾಗುವವರೆಗೆ ಎರಡನ್ನೂ ಕೊಳ್ಳಬೇಡಿರೆಂದೆ. ಮನೆಯ ಬೀಡುಕಬ್ಬಿಣದ ದೋಸೆ ಕಾವಲಿಗೆ (ಅದರ ಪುಸ್ತಕಮೌಲ್ಯ ಎಂದೋ ಸೊನ್ನೆಯಾಗಿರುತ್ತದೆ) ಮರದ ಅಥವಾ ಪ್ಲಾಸ್ಟಿಕ್ ಹಿಡಿಯಿಲ್ಲದಿದ್ದರೆ, ಅದನ್ನೇ ಓವನ್ನಿನಲ್ಲಿ ಬೋರಲಿಟ್ಟು ಚೆನ್ನಾಗಿ ಕಾಯಿಸಿದರೆ ಸಾಕು. ಪಿಜ್ಜಾ ಮಾತ್ರ ಕಾವಲಿಯ ಅಗಲವನ್ನು ಮೀರಬಾರದು.